ಕಡಲೆಕಾಯಿಯ ಬೂಷ್ಟು: ನೆಲದ ಹದ, ಕೊಯ್ಲಿನ ಹೊತ್ತು

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತುಬಿದ್ದುವು. ಅಂಟುರೋಗದ ಸುಳಿವು ಸಿಕ್ಕಲಿಲ್ಲ. ಕೊನೆಗೆ ದೋಷವು ಮೇವಿನೊಳಗಿದ್ದ ಕಡಲೆಕಾಯಿ ಹಿಂಡಿಯಲ್ಲಿ ಪತ್ತೆಯಾಯಿತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬಣ್ಣದ ಬೂಷ್ಟು ಅದರಲ್ಲಿ ವಿಷವನ್ನು ಬಿಟ್ಟಿತ್ತು. ಆ ವಿಷವೇ ಅಫ್ಲಾಟಾಕ್ಸಿನ್. ಅದು ಯಕೃತ್ತನ್ನು ಕೆಡಿಸುತ್ತದೆ. ಬಹುಕಾಲ ದೇಹವನ್ನು ಸೇರುತ್ತ ಬಂದರೆ ಅಲ್ಲಿ ಅರ್ಬುದ ರೋಗವನ್ನೂ ಉಂಟುಮಾಡಬಲ್ಲದು.

ಸಿರಿಗೆರೆಯಿಂದ ಮೂಡಲಿಗೆ ಚಳ್ಳಕೆರೆಯತ್ತ ಹೊರಟರೆ ಮಳೆಯನ್ನೇ ನಂಬಿದ ಕಡಲೆಕಾಯಿ ಹೊಲಗಳನ್ನು ಕಾಣುತ್ತೇವೆ. ತೇವವಿದ್ದಲ್ಲಿ ಬೂಷ್ಟು ಎಂಬುದು ನಮ್ಮೆಲ್ಲರ ಅನುಭವ. ಹಾಗಾದರೆ ಬರ ಬಿದ್ದ ವರ್ಷದಲ್ಲಿಯೇ ಹೊಲದ ಕಾಯಿಗೆ ಈ ಬೂಷ್ಟಿನ ಭಯ ಹೆಚ್ಚುವುದೇಕೆ?

ಕಡಲೆಗಿಡದ ಹೂವು ನೆಲದ ಮೇಲೆ ಅರಳಿದರೂ ಅದರ ಊಡು ಮಣ್ಣಿಗಿಳಿದು ಅಲ್ಲಿಯೇ ಕಾಯಾಗುತ್ತದೆ. ಬೂಷ್ಟಿನ ಬೀಜಕಣಗಳ ನೆಲೆಯೂ ಮಣ್ಣೇ. ಮಣ್ಣು ಹಸಿಯಾಗಿರುವಾಗ ನೀರು ಆವಿಯಾಗುತ್ತ ಶಾಖವನ್ನು ಹೀರಿ ನೆಲವನ್ನು ತಂಪಾಗಿಡುತ್ತದೆ. ಕಾಳಿನಲ್ಲಿ ನೀರಿದ್ದಷ್ಟು ಕಾಲ ಅದು ಬೂಷ್ಟನ್ನು ತಡೆಯುವ ರಾಸಾಯನಿಕಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕೊಯ್ಲಿಗೆ ಮುಂಚಿನ ನಾಲ್ಕಾರು ವಾರ ಮಳೆ ಕೈಕೊಟ್ಟರೆ ಈ ಎರಡು ರಕ್ಷಣೆಗಳೂ ಒಟ್ಟಿಗೆ ತಪ್ಪುತ್ತವೆ. ಕಾಯಿಯ ಸುತ್ತಣ ಮಣ್ಣು 28ರಿಂದ 30 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಕಾಳು ಒಣಗುತ್ತ ತನ್ನ ತಡೆಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದರೆ ಬೂಷ್ಟಿಗೆ ಅಷ್ಟು ಅಲ್ಪ ತೇವವೇ ಸಾಕು. ಗೆದ್ದಲು ಸಿಪ್ಪೆಯನ್ನು ಕೊರೆದಿದ್ದರೆ ಬಾಗಿಲೂ ತೆರೆದಂತೆಯೇ.

ಆದುದರಿಂದ ಕೊಯ್ಲಿನ ಹೊತ್ತು ಮುಖ್ಯವಾದುದು. ಬಲಿತ ಕಾಯನ್ನು ಒಣನೆಲದಲ್ಲಿ ಬಿಟ್ಟಷ್ಟೂ ಅಪಾಯ ಬೆಳೆಯುತ್ತದೆ. ಬಲಿಯುವ ಮೊದಲೇ ಕಿತ್ತರೂ ಒಳ್ಳೆಯದಲ್ಲ. ಎಳೆಗಾಳು ನೀರುನೀರಾಗಿದ್ದು ತಡವಾಗಿ ಒಣಗುತ್ತದೆ. ಸಿಪ್ಪೆಯನ್ನು ಒಡೆದು ನೋಡಿದಾಗ ಒಳಮೈ ಕಂದು-ಕಪ್ಪಾಗಿದ್ದರೆ ಕಾಯಿ ಬಲಿತಿದೆ ಎಂದರ್ಥ.

ಕಿತ್ತ ಮೇಲೆ ಲೆಕ್ಕ ತಿರುಗುತ್ತದೆ. ಈಗ ಕಾಳಿಗೆ ಉಳಿದ ರಕ್ಷಣೆ ಒಣಗುವಿಕೆಯೊಂದೇ. ಗಿಡಗಳನ್ನು ಬುಡಮೇಲಾಗಿಸಿ, ಕಾಯಿಗೆ ಗಾಳಿಯಾಡುವಂತೆ ಹರಡಿ, ಕಾಳಿನ ತೇವ ಶೇಕಡ 8ಕ್ಕಿಂತ ಕೆಳಗಿಳಿಯುವಂತೆ ಬೇಗನೆ ಒಣಗಿಸಬೇಕು. ಹಸಿಯಾಗಿ ಬಣವೆ ಒಟ್ಟಿದರೆ ಒಳಗೆ ಬಿಸಿಯೂ ತೇವವೂ ಕೂಡಿ ಬೂಷ್ಟಿಗೆ ಹಬ್ಬವಾಗುತ್ತದೆ.

ಈ ವಿಷದ ಅಳತೆ ಎಷ್ಟು ಸೂಕ್ಷ್ಮವೆಂದರೆ, ನೇರವಾಗಿ ತಿನ್ನುವ ಕಡಲೆಯಲ್ಲಿ ಯೂರೋಪಿನ ಒಕ್ಕೂಟವು ಒಪ್ಪುವ ಮಿತಿ ಕಿಲೋಗ್ರಾಮಿಗೆ 4 ಮೈಕ್ರೋಗ್ರಾಂ. ಅಂದರೆ ಸಾವಿರ ಕಿಲೋಗ್ರಾಂ ಕಾಳಿನಲ್ಲಿ ಕೇವಲ 4 ಮಿಲಿಗ್ರಾಂ. ಅತಿನೇರಿಳೆ ಬೆಳಕಿನಲ್ಲಿ ಅಫ್ಲಾಟಾಕ್ಸಿನ್ ನೀಲಿಯಾಗಿ ಅಥವಾ ಹಸಿರಾಗಿ ಹೊಳೆಯುವುದರಿಂದ ಪ್ರಯೋಗಾಲಯದಲ್ಲಿ ಅದನ್ನು ಗುರುತಿಸಲು ಸಾಧ್ಯ. ಬರಿಗಣ್ಣಿಗೆ ಅದು ಕಾಣದು. ಹುರಿದರೂ ಪೂರ್ತಿಯಾಗಿ ನಾಶವಾಗದು. ಸುಕ್ಕಿದ, ಬಣ್ಣಗೆಟ್ಟ ಕಾಳುಗಳನ್ನು ಆರಿಸಿ ತೆಗೆಯುವ ನಮ್ಮ ಮನೆಯ ಹಿರಿಯರ ಅಭ್ಯಾಸವು ಬರಿಯ ಅಚ್ಚುಕಟ್ಟುತನವಲ್ಲ. ವಿಷವು ಹೆಚ್ಚಾಗಿ ಅಡಗಿರುವುದು ಅಂಥ ಕೆಲವೇ ಕಾಳುಗಳಲ್ಲಿ.