ಪರದೇಶಿಯಾಗದೆ ಪರದೇಶದಲ್ಲಿ ಬಾಳುವ ಬಗೆ

‘ಪರದೇಶಿ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಒದಗಿರುವ ಅರ್ಥಾಂತರವು ವಿಚಾರಾರ್ಹವಾದುದು. ಅನ್ಯದೇಶದವನು ಎಂಬಷ್ಟೇ ಮೂಲಾರ್ಥವುಳ್ಳ ಈ ಪದವು ಆಡುಮಾತಿನಲ್ಲಿ ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬ ಅರ್ಥವನ್ನು ತಳೆದಿದೆ. ತಾಯಿತಂದೆಗಳನ್ನು ಕಳೆದುಕೊಂಡ ಮಗುವು ಹುಟ್ಟಿದ ಊರಿನಲ್ಲಿಯೇ ಇದ್ದರೂ ‘ಪರದೇಶಿಯಾಯಿತು’ ಎನ್ನುತ್ತಾರೆ. ಊರು, ಬಳಗ, ಭಾಷೆ ಈ ಮೂರನ್ನೂ ಒಮ್ಮೆಗೇ ಅಗಲಿದವನ ಅವಸ್ಥೆ ಎಂತಹುದೆಂಬುದನ್ನು ಜನರ ನಾಲಗೆಯು ಶಾಸ್ತ್ರಜ್ಞರಿಗಿಂತ ಮೊದಲೇ ಕಂಡುಕೊಂಡಿತ್ತು.

ಆದಿಕವಿ ಪಂಪನು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದು 941ರ ಸುಮಾರಿಗೆ ರಚಿಸಿದ ‘ವಿಕ್ರಮಾರ್ಜುನವಿಜಯ’ದಲ್ಲಿ ಅರ್ಜುನನ ಮುಖದಿಂದ ಬನವಾಸಿಯನ್ನು ನೆನೆಯಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಅಲ್ಲಿ ನೆನಪನ್ನು ಕೆಣಕುವವು ಗಾಳಿಯ ಸೋಂಕು, ಕಿವಿಗೆ ಬಿದ್ದ ಹಾಡು, ಮಲ್ಲಿಗೆಯ ಅರಳು. ಊರಿನ ಹಂಬಲವು ತರ್ಕದಿಂದ ಹುಟ್ಟುವುದಲ್ಲ, ಇಂದ್ರಿಯಗಳ ದ್ವಾರದಿಂದ ಬರುವುದು. ದೂರದ ಚಿಕಾಗೋ ನಗರದಲ್ಲಿ ನೆರೆಮನೆಯ ಒಗ್ಗರಣೆಯ ಘಮಲಿಗೆ ಕಣ್ಣು ತುಂಬಿಕೊಳ್ಳುವ ತರುಣನೂ ಪಂಪನ ಬಳಗದವನೇ ಸರಿ.

ಹೊಸದುರ್ಗ ತಾಲ್ಲೂಕಿನ ಬಾಗೂರಿನಂತಹ ಊರಿನಲ್ಲಿ ಹಿಂದೆ ಓದುವ ಹುಡುಗನು ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋದರೆ ಅದೇ ದೊಡ್ಡ ಪಯಣ. ಚೆನ್ನಕೇಶವನ ಗುಡಿ, ರಾಗಿಯ ಹೊಲ, ತೆಂಗಿನ ತೋಟ ಇವುಗಳ ನಡುವೆ ಬೆಳೆದ ಮಕ್ಕಳು ಈಗ ಇಂಜಿನಿಯರಿಂಗ್ ಮುಗಿಸಿ ಜರ್ಮನಿ, ಅಮೆರಿಕ, ಆಸ್ಟ್ರೇಲಿಯಾಗಳೆಂದು ಹೊರಡುವ ಕಾಲ ಬಂದಿದೆ. ಹೊರಡುವುದು ಬಹುಮಟ್ಟಿಗೆ ಬ್ಯಾಂಕಿನ ಸಾಲದಿಂದ. ಆ ಸಾಲಕ್ಕೆ ತಂದೆಯ ತೋಟವೋ ಮನೆಯೋ ಆಧಾರವಾಗಿರುವುದುಂಟು. ಇದನ್ನು ಮರೆತು ಪರದೇಶವಾಸದ ಕಷ್ಟಸುಖಗಳನ್ನು ಚರ್ಚಿಸಿದರೆ ಆ ಚರ್ಚೆ ಪೊಳ್ಳಾಗುತ್ತದೆ. ತೋಟವನ್ನು ಒತ್ತೆಯಿಟ್ಟು ಕಳುಹಿಸಿದ ತಂದೆಗೆ ‘ಇಲ್ಲಿ ನನಗೆ ಆಗುತ್ತಿಲ್ಲ’ ಎಂದು ಹೇಳುವ ಧೈರ್ಯ ಯಾವ ಮಗನಿಗೆ, ಯಾವ ಮಗಳಿಗೆ ಬಂದೀತು?

ಪೂರ್ವದಲ್ಲಿ ಪ್ರಯಾಣವೇ ಒಂದು ಸಿದ್ಧತೆಯಾಗಿತ್ತು. 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದ ವಿನಾಯಕ ಕೃಷ್ಣ ಗೋಕಾಕರು ಹಡಗಿನಲ್ಲಿ ವಾರಗಟ್ಟಲೆ ಕಡಲನ್ನು ಕಂಡರು. ಆ ಕಡಲಿನಿಂದ ‘ಸಮುದ್ರಗೀತೆಗಳು’ ಹುಟ್ಟಿದವು. ಇಂದಿನ ವಿಮಾನವು ಒಂದು ಹಗಲಿರುಳಿನಲ್ಲಿ ದೇಹವನ್ನು ತಲುಪಿಸುತ್ತದೆ, ಮನಸ್ಸು ಹಿಂದೆಯೇ ಉಳಿದಿರುತ್ತದೆ.

ಈ ಸ್ಥಿತಿಯನ್ನು ‘ಸಂಸ್ಕೃತಿಯ ಆಘಾತ’ ಎಂಬ ಹೆಸರಿನಿಂದ 1954ರ ಒಂದು ಉಪನ್ಯಾಸದಲ್ಲಿಯೂ 1960ರ ಲೇಖನದಲ್ಲಿಯೂ ವಿವರಿಸಿದವನು ಕಲೆರ್ವೋ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ. ಅವನ ಮತದಂತೆ ಆರಂಭದಲ್ಲಿ ಎಲ್ಲವೂ ರಮ್ಯವಾಗಿ ತೋರಿ, ಬಳಿಕ ಬೇಸರ, ಸಿಟ್ಟು, ಒಂಟಿತನಗಳು ಕವಿದು, ಕ್ರಮೇಣ ಚೇತರಿಕೆಯುಂಟಾಗುತ್ತದೆ. ಅಮೆರಿಕದಲ್ಲಿ ಓದಿದ ನಾರ್ವೆಯವರನ್ನು ಕುರಿತು 1955ರಲ್ಲಿ ಬರೆದ ಲಿಸ್‌ಗಾರ್ಡ್ ಎಂಬ ವಿದ್ವಾಂಸನೂ ಇದನ್ನೇ ಹೇಳಿದನು. ಆದರೆ ನ್ಯೂಜಿಲೆಂಡಿನಲ್ಲಿದ್ದ ಜಪಾನೀ ವಿದ್ಯಾರ್ಥಿಗಳನ್ನು ಕುರಿತ, 1998ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಕಷ್ಟವು ಹೋಗಿ ಇಳಿದ ಮೊದಲ ದಿನಗಳಲ್ಲಿಯೇ ಅತ್ಯಧಿಕವೆಂದು ಕಂಡುಬಂದಿತು. ಸಾಲದ ಭಾರವನ್ನು ಹೊತ್ತು, ಬಾಡಿಗೆಯ ಕೋಣೆಗಾಗಿ ಅಲೆಯುವವನಿಗೆ ರಮ್ಯತೆಯ ಅವಧಿ ಎಲ್ಲಿಂದ ಬರಬೇಕು? ಈ ಎರಡನೆಯ ಮತವೇ ನಮ್ಮ ಮಕ್ಕಳ ವಿಷಯದಲ್ಲಿ ಹೆಚ್ಚು ಸಂಗತವೆನಿಸುತ್ತದೆ.

ಹವೆಯ ಮಾತನ್ನು ಹಗುರವಾಗಿ ಎಣಿಸಲಾಗದು. ಬಾಗೂರಿನಲ್ಲಿ ವರ್ಷದ ಅತ್ಯಂತ ಕಿರಿಯ ಹಗಲೂ 11 ಗಂಟೆಗಳಿಗೆ ಮೀರಿದುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಡಿಸೆಂಬರಿನ ಹಗಲು 8 ಗಂಟೆಗೂ ಕಡಿಮೆ. ಸಂಜೆ 4ಕ್ಕೆ ಮುನ್ನವೇ ಸೂರ್ಯಾಸ್ತ. ಬಿಸಿಲಿನ ನಾಡಿನವನಿಗೆ ಕಾರಣ ತಿಳಿಯದೆ ಮಂಕು ಕವಿದರೆ ಅದು ಅವನ ದೌರ್ಬಲ್ಯವಲ್ಲ.

ಭಾಷೆಯ ತೊಡಕು ಶಬ್ದಗಳ ತೊಡಕಷ್ಟೇ ಅಲ್ಲ. ಕನ್ನಡದಲ್ಲಿ ‘ನೀನು’, ‘ನೀವು’ ಎಂಬ ಭೇದವು ಕ್ರಿಯಾಪದದ ತುದಿಯವರೆಗೂ ವ್ಯಾಪಿಸಿದೆ. ಗುರುಗಳನ್ನು ಹೆಸರು ಹಿಡಿದು ಕರೆಯುವುದು ಇಲ್ಲಿ ಅಚಿಂತ್ಯ. ಅಮೆರಿಕದಲ್ಲಿ ಪ್ರಾಧ್ಯಾಪಕನೇ ‘ನನ್ನನ್ನು ಹೆಸರಿನಿಂದ ಕರೆ’ ಎಂದಾಗ ವಿದ್ಯಾರ್ಥಿಯ ನಾಲಗೆ ಕಟ್ಟಿಹೋಗುತ್ತದೆ. ಅವನು ಮರ್ಯಾದೆಯಿಂದ ಮೌನವಾಗಿದ್ದರೆ ಅಲ್ಲಿಯವರು ಅವನಿಗೆ ವಿಷಯ ತಿಳಿಯದೆಂದು ಭಾವಿಸುತ್ತಾರೆ. ಎಲ್ಲ ಪರದೇಶಗಳೂ ಹೀಗೆಂದಲ್ಲ. ಜರ್ಮನ್ ಭಾಷೆಯಲ್ಲಿ ನಮ್ಮಂತೆಯೇ ಏಕವಚನ, ಗೌರವವಚನಗಳ ಭೇದವುಂಟು, ಜಪಾನಿನಲ್ಲಿ ಅದು ಇನ್ನೂ ಸೂಕ್ಷ್ಮ. ಎಲ್ಲವನ್ನೂ ‘ಫಾರಿನ್’ ಎಂಬ ಒಂದೇ ಚೀಲಕ್ಕೆ ತುಂಬುವ ನಮ್ಮ ಅಭ್ಯಾಸವು ಸಾಧುವಲ್ಲ.

ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದಿದೆ. ಪಠ್ಯದ ಮಾತುಗಳನ್ನು ಕಂಠಸ್ಥ ಮಾಡಿ ಅಕ್ಷರಶಃ ಒಪ್ಪಿಸುವವನು ಇಲ್ಲಿ ಮೆಚ್ಚುಗೆಗೆ ಪಾತ್ರನು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಅದನ್ನೇ ಆಕರವನ್ನು ಹೇಳದೆ ಬರೆದರೆ ಕೃತಿಚೌರ್ಯವೆನಿಸುತ್ತದೆ. ಅಂಕ ಹೋಗುವುದಷ್ಟೇ ಅಲ್ಲ, ಕೆಲವೊಮ್ಮೆ ವ್ಯಾಸಂಗವೇ ನಿಲ್ಲಬಹುದು. ಕದಿಯುವ ಬುದ್ಧಿಯೇ ಇಲ್ಲದ ವಿದ್ಯಾರ್ಥಿಯು ಹೀಗೆ ಕಳ್ಳನೆನಿಸಿಕೊಂಡಾಗ ಅವನಿಗಾಗುವ ಅವಮಾನವು ಊಹಿಸಲಸಾಧ್ಯ. ವಾಸ್ತವವಾಗಿ ಇದು ನಮ್ಮ ಪರಂಪರೆಗೆ ಅಪರಿಚಿತವಾದ ನಿಯಮವಲ್ಲ. ರಾಜಶೇಖರನ ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣ, ಅರ್ಥಹರಣಗಳ ವಿಚಾರವು ವಿಸ್ತಾರವಾಗಿಯೇ ಬಂದಿದೆ. ಭಾಷ್ಯಕಾರರು ಅನ್ಯರ ಮಾತನ್ನು ಎತ್ತಿಕೊಳ್ಳುವಾಗ ‘ತದುಕ್ತಂ’ ಎನ್ನುತ್ತಾರೆ. ಶರಣರ ವಚನಗಳಲ್ಲಿ ಅಂಕಿತವಂತೂ ಇದ್ದೇ ಇದೆ. ಅದು ಇಷ್ಟದೈವದ ಹೆಸರಾದರೂ ವಚನವು ಯಾರದೆಂಬುದನ್ನು ಅದರಿಂದಲೇ ಗುರುತಿಸುತ್ತೇವೆ. ಪ್ರೌಢಶಾಲೆಯಲ್ಲಿ ವಚನವನ್ನು ಪಾಠ ಹೇಳುವಾಗಲೇ ಈ ಮಾತನ್ನು ಮಕ್ಕಳಿಗೆ ತಿಳಿಸಿದರೆ ಮುಂದೆ ಅವರು ಎಡವಲಾರರು.

ಊಟದ ವಿಷಯವನ್ನು ಸಂಕ್ಷೇಪಿಸಬಹುದು. ತರಕಾರಿಯ ಸಾರೆಂದು ಬಡಿಸಿದುದರಲ್ಲಿ ಮಾಂಸದ ರಸವಿರಬಹುದು, ಮಿಠಾಯಿಯಲ್ಲಿ ಮೂಳೆಚರ್ಮಗಳಿಂದ ತೆಗೆದ ಜೆಲಟಿನ್ ಇರಬಹುದು. ಕೇಳಿ ತಿಳಿಯಬೇಕು, ಕೇಳಲು ನಾಚಬಾರದು. ಸ್ವತಃ ಅಡುಗೆ ಬಲ್ಲವನಿಗೆ ಅರ್ಧ ಚಿಂತೆಯಿಲ್ಲ. ಪ್ರಸಾದನಿಲಯದ ಪಂಕ್ತಿಯಲ್ಲಿ ನೂರು ಜನರೊಡನೆ ಉಂಡವನಿಗೆ ತಟ್ಟೆಯಲ್ಲಿರುವ ಅನ್ನಕ್ಕಿಂತ ಪಕ್ಕದಲ್ಲಿ ಯಾರೂ ಇಲ್ಲದಿರುವುದೇ ದೊಡ್ಡ ಕೊರತೆ. ಇಷ್ಟಲಿಂಗಪೂಜೆಗಾದರೋ ಗುಡಿಯೂ ಬೇಡ, ಅರ್ಚಕನೂ ಬೇಡ. ಕಿರುಕೋಣೆಯಲ್ಲಿಯೂ ನಿತ್ಯವೂ ಒಂದೇ ವೇಳೆಗೆ ನಡೆಯಬಲ್ಲ ಇಂತಹ ನಿಯಮವು ಕದಡಿದ ದಿನಕ್ಕೊಂದು ಕಟ್ಟನ್ನು ಒದಗಿಸುತ್ತದೆ.

ದೂರವು ಕಣ್ಣನ್ನು ತೆರೆಯಿಸುವುದೂ ಉಂಟು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರು 1959ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಅಮೆರಿಕಕ್ಕೆ ತೆರಳಿದರು. ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಅವರು ಡಾಕ್ಟರೇಟಿಗಾಗಿ ಎತ್ತಿಕೊಂಡ ವಿಷಯ ಕನ್ನಡದ ವ್ಯಾಕರಣ. ಶಿಕಾಗೋದಲ್ಲಿದ್ದುಕೊಂಡು ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭುಗಳ ವಚನಗಳನ್ನು ಇಂಗ್ಲಿಷಿಗೆ ತಂದ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಪ್ರಕಟವಾಯಿತು. ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗಲೇ ಮಲೆನಾಡಿನ ಅಗ್ರಹಾರವನ್ನು ಕುರಿತ ‘ಸಂಸ್ಕಾರ’ವನ್ನು ಬರೆದರು; ಅದು 1965ರಲ್ಲಿ ಹೊರಬಂದಿತು. ಇವರಿಬ್ಬರೂ ಊರನ್ನು ಮರೆತವರಲ್ಲ, ಹೊಸ ನಾಡಿಗೆ ಬಾಗಿಲು ಮುಚ್ಚಿದವರೂ ಅಲ್ಲ. ಆದರೆ ಇವರು ಅಸಾಧಾರಣರು. ಸಾಮಾನ್ಯ ವಿದ್ಯಾರ್ಥಿಗೆ ಅಲ್ಲಿನ ಕನ್ನಡಕೂಟದ ಒಂದು ಯುಗಾದಿಯ ಊಟ, ಸಹಪಾಠಿಯೊಬ್ಬನ ಸ್ನೇಹ, ಇವೇ ಆಸರೆ. 2015ರಲ್ಲಿ ಲಂಡನ್ನಿನ ಥೇಮ್ಸ್ ದಡದಲ್ಲಿ ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತು. ಹೆಮ್ಮೆಯ ಸಂಗತಿ, ಆದರೆ ಜ್ವರದಲ್ಲಿ ಮಲಗಿದವನಿಗೆ ಗಂಜಿ ಕಾಯಿಸಿ ಕೊಡಲು ಪಕ್ಕದ ಕೋಣೆಯವನೇ ಬರಬೇಕು.

ಹಿಂದಿರುಗುವವರ ಪಾಡು ಬೇರೆ. ಜಿಲ್ಲೆಯಲ್ಲಿಯೇ ಉಜ್ಜ್ವಲವಾದ ನಿದರ್ಶನವಿದೆ. ಸಿರಿಗೆರೆಯ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಕಾಶಿಯ ಸಂಸ್ಕೃತ ವ್ಯಾಸಂಗದ ತರುವಾಯ ಆಸ್ಟ್ರಿಯಾದ ವಿಯೆನ್ನಾದಲ್ಲಿ ಸಂಶೋಧನೆ ನಡೆಸಿ ಬಂದು ಪೀಠವನ್ನೇರಿದವರು. ಪಾಣಿನಿಯ ಸೂತ್ರಗಳನ್ನು ಗಣಕಯಂತ್ರಕ್ಕೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ಯನ್ನು ರೂಪಿಸಿದವರು. ಎಲ್ಲರಿಗೂ ಮರಳುವ ನೆಲವು ಇಷ್ಟು ಸಿದ್ಧವಾಗಿರುವುದಿಲ್ಲ. ನಾಲ್ಕು ವರ್ಷಗಳ ಬಳಿಕ ಬಂದವನಿಗೆ ಗೆಳೆಯರು ಚದುರಿರುತ್ತಾರೆ, ತಾಯಿ ಮುದುಕಿಯಾಗಿರುತ್ತಾಳೆ, ಊರಿನವರು ಸಂಬಳವನ್ನು ಮಾತ್ರ ವಿಚಾರಿಸುತ್ತಾರೆ.

ಈಗ ದಿನವೂ ದೂರವಾಣಿಯಲ್ಲಿ ಮುಖ ನೋಡಿ ಮಾತನಾಡುವ ಅನುಕೂಲವಿದೆ. ‘ಚೆನ್ನಾಗಿದ್ದೀಯಾ?’ ಎಂದರೆ ‘ಚೆನ್ನಾಗಿದ್ದೇನೆ’ ಎಂಬ ಉತ್ತರವೇ ಬರುತ್ತದೆ. ಅದರ ಬದಲು ‘ಈ ಹೊತ್ತು ಏನು ಅಡುಗೆ ಮಾಡಿದೆ? ಯಾರೊಡನೆ ಉಂಡೆ?’ ಎಂದು ಹಳೆಯ ಮೇಷ್ಟ್ರೊಬ್ಬರು ಕೇಳಿ, ಉತ್ತರಕ್ಕೆ ಮುನ್ನ ಅವನು ಎಷ್ಟು ಹೊತ್ತು ಸುಮ್ಮನಿರುತ್ತಾನೆಂಬುದನ್ನು ಗಮನಿಸುವುದು ಲೇಸು.