ಬಿಳಿ ಗೆರೆಗೆ ವಾರಸುದಾರರು ಯಾರು?

ಬೆಳಗಿನ ಐದೂಮುಕ್ಕಾಲು. ಜಯನಗರದ ಸಾಲುಮರದ ರಸ್ತೆಯೊಂದರಲ್ಲಿ ಪೇಪರ್ ಹಾಕುವ ಹುಡುಗ ನನ್ನ ಮುಂದೆ ಸೈಕಲ್ ತುಳಿಯುತ್ತಿದ್ದಾನೆ. ಹ್ಯಾಂಡಲ್ಲಿನ ಎರಡೂ ಬದಿಗೆ ಜೋತುಬಿದ್ದ ಚೀಲ, ಕ್ಯಾರಿಯರ್ ಮೇಲೆ ಹಗ್ಗ ಬಿಗಿದ ಪತ್ರಿಕೆಗಳ ಕಟ್ಟು. ರಸ್ತೆಯ ಎಡ ಅಂಚನ್ನು ಕಣ್ಣಿಟ್ಟು ನೋಡಿದರೆ ಡಾಂಬರಿನ ಮೇಲೆ ಸವೆದ ಬಿಳಿ ಬಣ್ಣದ ತುಣುಕುಗಳು ಕಾಣುತ್ತವೆ. ಒಂದು ಕಾಲಕ್ಕೆ ಅದು ಸೈಕಲ್ ಪಥದ ಗೆರೆ. ಈಗ ಅದರೊಳಗೆ ರಾತ್ರಿಯಿಡೀ ನಿಂತ ಕಾರುಗಳು, ಒಂದು ಎಳನೀರಿನ ಗಾಡಿ, ಯಾರದೋ ಮನೆ ಕಟ್ಟಲು ಸುರಿದ ಎಂ-ಸ್ಯಾಂಡ್. ಹುಡುಗ ಗೆರೆಯತ್ತ ತಿರುಗಿಯೂ ನೋಡುವುದಿಲ್ಲ. ನಡುರಸ್ತೆಯಲ್ಲೇ ಹೋಗಿ, ಚರಂಡಿಯ ಜಾಲರಿ ಬಂದಾಗ ಮಾತ್ರ ಅಭ್ಯಾಸಬಲದಿಂದ ಹ್ಯಾಂಡಲ್ ಎಳೆಯುತ್ತಾನೆ.

ಆ ಜಾಲರಿಯನ್ನು ಇಳಿದು ನೋಡಿದೆ. ಕಬ್ಬಿಣದ ಪಟ್ಟಿಗಳು ವಾಹನ ಹೋಗುವ ದಿಕ್ಕಿಗೇ ಉದ್ದಕ್ಕೆ ಕೂತಿವೆ. ನಡುವಿನ ಸಂದಿಯಲ್ಲಿ ನನ್ನ ಹೆಬ್ಬೆರಳು ಸಲೀಸಾಗಿ ಇಳಿಯಿತು. ಕಾರಿಗೆ ಅದೊಂದು ಸಣ್ಣ ಸದ್ದು, ಸ್ಕೂಟರಿಗೆ ಒಂದು ಅಲುಗಾಟ. ತೆಳು ಟೈರಿನ ಸೈಕಲ್ಲಿಗೆ ಮಾತ್ರ ಅದು ಬೋನು. ಮುಂದಿನ ಚಕ್ರ ಸಿಕ್ಕಿಕೊಂಡರೆ ಸವಾರ ಹ್ಯಾಂಡಲ್ ದಾಟಿ ಮುಂದಕ್ಕೆ ಬೀಳುತ್ತಾನೆ. ಜಾಲರಿಯನ್ನು ಎತ್ತಿ ಅಡ್ಡಡ್ಡ ಕೂರಿಸಿದರೆ ಸಮಸ್ಯೆ ಮುಗಿಯಿತು. ರಸ್ತೆ ಮಾಡಿಸಿದ ಎಂಜಿನಿಯರಿಗೆ ಇದು ಹೊಳೆಯಲಿಲ್ಲ ಎಂದರೆ ಅವರು ಕೆಟ್ಟವರೆಂದಲ್ಲ. ಆ ದಾರಿಯಲ್ಲಿ ಅವರು ಸೈಕಲ್ ತುಳಿದಿಲ್ಲ, ಅಷ್ಟೆ. ತುಳಿಯುವವನಿಗೂ ಕಟ್ಟಿಸುವವನಿಗೂ ನಡುವೆ ಮಾತು ನಡೆಯಬೇಕು ಅನ್ನುವುದು ಈ ಹೆಬ್ಬೆರಳಗಲದ ಸಂದಿಗಾಗಿ.

ಬಿಲ್ಲೆ ಹೋಯಿತು, ಲೆಕ್ಕವೂ ಹೋಯಿತು

ಒಂದು ಕಾಲದಲ್ಲಿ ನಮ್ಮ ಪುರಸಭೆಗಳಿಗೆ ಸೈಕಲ್ ಸವಾರ ಚೆನ್ನಾಗಿ ಗೊತ್ತಿದ್ದ. ಸೈಕಲ್ಲಿಗೂ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಹೋದರೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ‘ಡಬಲ್’ ಹೊಡೆದರೆ ಪೊಲೀಸಿನವರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿ ಪ್ರತಿ ಬಡಾವಣೆಯಲ್ಲೂ ಇತ್ತು. ಕಿರುಕುಳವೇ ಇರಬಹುದು, ಆದರೂ ಸವಾರ ಲೆಕ್ಕದಲ್ಲಿದ್ದ. ಬಿಲ್ಲೆಯ ಕಾಲ ಮುಗಿದ ಮೇಲೆ ಅವನು ಕಡತದಿಂದಲೇ ಮಾಯವಾದ. ರಸ್ತೆ ಅಗಲ ಮಾಡುವಾಗ, ಮೇಲ್ಸೇತುವೆ ಕಟ್ಟುವಾಗ, ಸಿಗ್ನಲ್ಲಿನ ಸಮಯ ನಿಗದಿ ಮಾಡುವಾಗ ಅವನನ್ನು ಎಣಿಸುವವರು ಇರಲಿಲ್ಲ.

ಕಾಗದದ ಮೇಲೆ ಅವನು ಮರಳಿ ಬಂದದ್ದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿ. ವಾಹನಕ್ಕಿಂತ ಮನುಷ್ಯನ ಓಡಾಟಕ್ಕೆ ಆದ್ಯತೆ ಎಂದಿತು ಆ ನೀತಿ. ಸೈಕಲ್ಲಿಗೆ ಪ್ರತ್ಯೇಕ ಪಥ ಬೇಕೆಂದೂ ಹೇಳಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 2006-07ರಲ್ಲಿ, ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುಮಾಡಿತು. ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಟ್ಟಿದ್ದು ಆ ಸೈಕಲ್ಲಿನ ಮೇಲೆ. ಸರ್ಕಾರ ಸೈಕಲ್ ಕೊಟ್ಟಿತು. ಅದನ್ನು ಓಡಿಸಲು ನಿರ್ಭಯವಾದ ಅಂಚು ಕೊಡುವ ಕೆಲಸ ಹಾಗೇ ಉಳಿಯಿತು.

ಬೆಂಗಳೂರಿನಲ್ಲಿ ಆ ಕೆಲಸಕ್ಕೆ ಕೈಹಾಕಿದ್ದು 2007ರಲ್ಲಿ ಹುಟ್ಟಿದ ನಗರ ಭೂಸಾರಿಗೆ ನಿರ್ದೇಶನಾಲಯ, ಜನರ ಬಾಯಲ್ಲಿ ‘ಡಲ್ಟ್’. 2012-13ರ ಸುಮಾರಿಗೆ ಜಯನಗರದ ರಸ್ತೆಗಳಲ್ಲಿ ಸೈಕಲ್ ಪಥದ ಗೆರೆಗಳು ಮೂಡಿದವು. 2013ರ ಅಕ್ಟೋಬರ್‌ನಲ್ಲಿ ಕಬ್ಬನ್ ಪಾರ್ಕಿನಲ್ಲಿ ‘ಸೈಕಲ್ ದಿನ’ ಆರಂಭವಾಗಿ, ಆಮೇಲೆ ಬಡಾವಣೆಯಿಂದ ಬಡಾವಣೆಗೆ ಹಬ್ಬಿತು. ಭಾನುವಾರ ಬೆಳಿಗ್ಗೆ ಒಂದು ರಸ್ತೆಯನ್ನು ಕಾರಿಗೆ ಮುಚ್ಚಿ ಮಕ್ಕಳಿಗೆ ಬಿಟ್ಟುಕೊಡುವ ಈ ಹಬ್ಬವನ್ನು ಸಂಘಟಿಸಿದವರು ಇಲಾಖೆಯವರು, ನಿವಾಸಿ ಸಂಘದವರು, ಸೈಕಲ್ ಗೆಳೆಯರ ಕೂಟದವರು. ಇಲಾಖೆಯ ಅಧಿಕಾರಿ ಮತ್ತು ಬೀದಿಯ ಸವಾರ ಒಂದೇ ಶಾಮಿಯಾನದಡಿ ಕಾಫಿ ಕುಡಿದದ್ದು ಇಂಥ ಬೆಳಗುಗಳಲ್ಲಿ.

ಮೈಸೂರು ಇನ್ನೊಂದು ದಾರಿ ಹಿಡಿಯಿತು. 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಬಂತು: 48 ನಿಲ್ದಾಣ, 450 ಸೈಕಲ್ಲು. ಕಾರ್ಡ್ ತೋರಿಸಿ ತೆಗೆದುಕೊಂಡು ಹೋಗುವುದು, ಇನ್ನೊಂದು ನಿಲ್ದಾಣದಲ್ಲಿ ಸಿಕ್ಕಿಸಿ ಬರುವುದು. ಹೆಸರಿನಲ್ಲೇ ಬೆಲ್ ಬಾರಿಸಿದ ಆ ಯೋಜನೆ, ಸೈಕಲ್ಲೂ ಬಸ್ಸಿನ ಹಾಗೆ ಸಾರ್ವಜನಿಕ ಸೇವೆಯಾಗಬಹುದು ಎಂದು ತೋರಿಸಿತು.

ಹದಿನೇಳು ಕಿಲೊಮೀಟರ್‌ ಕಥೆ

2020ರಲ್ಲಿ ಕೋವಿಡ್ ಬಂದು ರಸ್ತೆ ಖಾಲಿಯಾದಾಗ ಸೈಕಲ್ಲಿಗೆ ಒಂದು ಬಾಗಿಲು ತೆರೆಯಿತು. ಆಮ್‌ಸ್ಟರ್‌ಡ್ಯಾಮಿನ ಸಂಸ್ಥೆಯೊಂದು ಲೋಕದ ಹಲವು ಊರುಗಳಲ್ಲಿ ‘ಸೈಕಲ್ ಮೇಯರ್’ ಎಂಬ ಗೌರವ ಹುದ್ದೆ ಕೊಡುತ್ತದೆ. ಬೆಂಗಳೂರಿನಲ್ಲಿ ಆ ಹೆಸರು ಹೊತ್ತವರು ಸತ್ಯ ಶಂಕರನ್. ಲಾಕ್‌ಡೌನ್ ಕಾಲದಲ್ಲಿ ಅವರು ಕಟ್ಟಿದ ಸೈಕಲ್ ಸವಾರರ ತಂಡ ಒಂಟಿ ಹಿರಿಯರ ಮನೆಬಾಗಿಲಿಗೆ ಔಷಧಿ, ದಿನಸಿ ತಲುಪಿಸಿತು. ಸೈಕಲ್ ಎಂದರೆ ಭಾನುವಾರದ ಶೋಕಿ ಎಂದುಕೊಂಡಿದ್ದವರಿಗೆ ಅದು ದುಡಿಯುವ ವಾಹನ ಎಂದು ನೆನಪಾದದ್ದು ಆಗ.

ಅದೇ ವರ್ಷದ ಜೂನ್‌ನಲ್ಲಿ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ಊರುಗಳಿಗೊಂದು ಸ್ಪರ್ಧೆ ಇಟ್ಟಿತು. ಮೊದಲು ಸವಾರರ ಸಮೀಕ್ಷೆ ಮಾಡಿ, ಆಮೇಲೆ ಅಗ್ಗದ ಸಾಮಗ್ರಿಯಲ್ಲಿ ಪ್ರಾಯೋಗಿಕ ಪಥ ಹಾಕಿ ನೋಡಿ, ಜನ ಒಪ್ಪಿದ್ದನ್ನು ಕಾಯಂ ಮಾಡಿ ಎಂಬುದು ಅದರ ಕ್ರಮ. 107 ಊರುಗಳು ಹೆಸರು ನೋಂದಾಯಿಸಿದವು. ಕೊನೆಗೆ ಆಯ್ಕೆಯಾದ 11ರಲ್ಲಿ ಬೆಂಗಳೂರೂ ಒಂದು.

ಬೆಂಗಳೂರಿನ ದೊಡ್ಡ ಪ್ರಯೋಗ ನಡೆದದ್ದು ಹೊರವರ್ತುಲ ರಸ್ತೆಯಲ್ಲಿ. 2019ರ ಕೊನೆಗೆ ಅಲ್ಲಿ ಬಸ್ಸಿಗೆಂದು ಪ್ರತ್ಯೇಕ ಪಥ ಬಂದಿತ್ತು. 2020ರ ಅಕ್ಟೋಬರ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಲೌರಿ ಜಂಕ್ಷನ್‌ವರೆಗೆ ಸುಮಾರು 17 ಕಿಲೊಮೀಟರ್ ಸೈಕಲ್ ಪಥ ತಲೆಯೆತ್ತಿತು. ನೆಲಕ್ಕೆ ಬಣ್ಣ, ಅಂಚಿಗೆ ಬೋಲ್ಟ್ ಹಾಕಿ ನಿಲ್ಲಿಸಿದ ಪ್ಲಾಸ್ಟಿಕ್ ಕಂಬ. ಐಟಿ ಕಂಪನಿಗಳಿಗೆ ಹೋಗುವವರ ಜತೆ ಅಲ್ಲಿನ ಸೆಕ್ಯುರಿಟಿ ಗಾರ್ಡು, ಅಡುಗೆಯವರು, ಮಾಲಿಗಳೂ ಅದರಲ್ಲಿ ಓಡಾಡಿದರು. ಪಥಕ್ಕೆ ಬೈಕಿನವರೂ ನುಗ್ಗಿದರು. ಬಸ್ ಸ್ಟಾಪಿನಲ್ಲಿ ಇಳಿಯುವವರು ಸೈಕಲ್ಲಿಗೆ ಎದುರಾಗುತ್ತಿದ್ದರು. ಕಂಬಗಳು ಒಂದೊಂದಾಗಿ ಮುರಿದವು, ಮುರಿದ ಕಂಬದ ಬುಡದ ಬೋಲ್ಟು ನೆಲದಲ್ಲೇ ಉಳಿಯಿತು. ಸೈಕಲ್ಲನ್ನು ಕಾಯಲು ನೆಟ್ಟದ್ದು ಟೈರು ಹರಿಯುವ ಮುಳ್ಳಾಯಿತು. ಅಷ್ಟರಲ್ಲಿ ಸಿಲ್ಕ್ ಬೋರ್ಡ್–ಕೆ.ಆರ್. ಪುರ ಮೆಟ್ರೊ ಕಾಮಗಾರಿ ರಸ್ತೆಯ ನಡುವನ್ನು ಹಿಡಿಯಿತು. ಉಳಿದ ಜಾಗಕ್ಕೆ ಕಾರು, ಬಸ್ಸು, ಲಾರಿ ಒತ್ತರಿಸಿದವು. ಸೈಕಲ್ಲಿನ ಪಥವೂ ಹೋಯಿತು, ಬಸ್ಸಿನ ಪಥವೂ ಹೋಯಿತು.

‘ಬೆಂಗಳೂರಿಗೆ ಸೈಕಲ್ ಒಗ್ಗುವುದಿಲ್ಲ ಸ್ವಾಮಿ, ಮಾಡಿ ನೋಡಿದ್ವಲ್ಲ’ ಎನ್ನುವವರು ಈ ಕಥೆಯನ್ನೇ ಎತ್ತಿ ತೋರಿಸುತ್ತಾರೆ. ನನಗೆ ಈ ಕಥೆಯಲ್ಲಿ ಕಾಣುವುದು ಬೇರೆ. ಪಥ ಹಾಕಲು ಯೋಜನೆ ಇತ್ತು, ಹಣ ಇತ್ತು, ಉದ್ಘಾಟನೆಯೂ ಇತ್ತು. ನಾಳೆ ಬೆಳಿಗ್ಗೆ ಮುರಿದ ಕಂಬ ಬದಲಿಸುವವರು ಯಾರು ಎನ್ನುವುದಕ್ಕೆ ಮಾತ್ರ ಉತ್ತರವಿರಲಿಲ್ಲ. ಯೋಜನೆ ನಿರ್ದೇಶನಾಲಯದ್ದು, ರಸ್ತೆ ಪಾಲಿಕೆಯದ್ದು, ದಂಡ ಹಾಕುವ ಅಧಿಕಾರ ಸಂಚಾರ ಪೊಲೀಸರದ್ದು, ಅಗೆಯುವ ಗುದ್ದಲಿ ಜಲಮಂಡಳಿ, ಬೆಸ್ಕಾಂ, ಮೆಟ್ರೊಗಳದ್ದು. ಹತ್ತು ಮಂದಿ ಅಪ್ಪಂದಿರಿರುವ ಕೂಸಿಗೆ ಹಾಲು ಕುಡಿಸುವವರಿಲ್ಲ.

ಇನ್ನೊಂದು ತಿಂಗಳಿನ ಲೆಕ್ಕವನ್ನೂ ಇದರ ಪಕ್ಕದಲ್ಲಿಡಬೇಕು. ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ, ಪಥ ಬಂದದ್ದು ಅಕ್ಟೋಬರ್‌ನಲ್ಲಿ. ಅಂದರೆ ನಗರದ ಅತಿ ಉದ್ದದ ಸೈಕಲ್ ಪ್ರಯೋಗ ನಡೆದ ದಿನಗಳಲ್ಲಿ ಅದರ ಬಗ್ಗೆ ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಒಬ್ಬ ಕಾರ್ಪೊರೇಟರೂ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಾಗಲೂ ಚುನಾಯಿತ ಸದಸ್ಯರಿರಲಿಲ್ಲ. ಸವಾರರು ಅಧಿಕಾರಿಗಳ ಜತೆ ಕೂತು ನಕ್ಷೆ ಬಿಡಿಸಿದರು ನಿಜ. ಅಧಿಕಾರಿ ವರ್ಗವಾದರೆ ನಕ್ಷೆಯ ನೆನಪೂ ಅವರ ಜತೆ ವರ್ಗವಾಗುತ್ತದೆ.

ಸೆವಿಲ್ಲೆ ಮಾಡಿದ್ದೇನು?

ಸ್ಪೇನಿನ ದಕ್ಷಿಣದ ಸೆವಿಲ್ಲೆ ನಗರವನ್ನು ಇಲ್ಲಿ ನೆನೆಯಲು ಕಾರಣವಿದೆ. ಅದು ಹಾಲೆಂಡಿನಂತೆ ತಣ್ಣನೆಯ ಊರಲ್ಲ. ಬೇಸಿಗೆಯಲ್ಲಿ ನಮ್ಮ ರಾಯಚೂರು, ಕಲಬುರಗಿಗಳಂತೆ ನಲವತ್ತು ಡಿಗ್ರಿ ಮುಟ್ಟುತ್ತದೆ. ಸೈಕಲ್ಲಿನ ಸಂಪ್ರದಾಯವೂ ಅಲ್ಲಿ ಇರಲಿಲ್ಲ. ಪಥ ಬರುವ ಮುನ್ನ ಆ ಊರಿನ ಒಟ್ಟು ಓಡಾಟದಲ್ಲಿ ಸೈಕಲ್ಲಿನ ಪಾಲು ನೂರಕ್ಕೆ ಒಂದೂ ಇರಲಿಲ್ಲ.

ಅಲ್ಲಿ 1987ರಿಂದ ‘ಎ ಕೊಂಟ್ರಾಮಾನೊ’ ಎಂಬ ಸವಾರರ ಸಂಘವಿದೆ. ಹೆಸರಿನ ಅರ್ಥ ‘ಎದುರು ದಿಕ್ಕಿನಲ್ಲಿ’. ಸುಮಾರು ಎರಡು ದಶಕ ಅವರು ಬೀದಿಗಿಳಿದರು, ಮನವಿ ಕೊಟ್ಟರು, ನಕ್ಷೆ ತಯಾರಿಸಿಟ್ಟುಕೊಂಡರು. 2003ರ ನಗರಸಭಾ ಚುನಾವಣೆಯ ನಂತರ ಸಮಾಜವಾದಿಗಳು ಮತ್ತು ಎಡಪಕ್ಷದವರು ಸೇರಿ ಆಡಳಿತ ಹಿಡಿದಾಗ ಸೈಕಲ್ ಪಥ ಸಮ್ಮಿಶ್ರದ ಕಾರ್ಯಕ್ರಮವಾಯಿತು. 2006ರಲ್ಲಿ ಕೆಲಸ ಆರಂಭ. ಮೊದಲ 80 ಕಿಲೊಮೀಟರ್ ಹೆಚ್ಚುಕಡಿಮೆ ಒಂದೇ ಉಸಿರಿಗೆ ಮುಗಿಯಿತು. 2010ರ ಹೊತ್ತಿಗೆ ಅದು 120 ದಾಟಿತ್ತು. ಒಂದು ರಸ್ತೆಯಲ್ಲಿ ಹಾಕಿ ನೋಡೋಣ, ಜನ ಬಂದರೆ ಮುಂದಿನದು ಎಂದು ಅವರು ಕಾಯಲಿಲ್ಲ. ಪಥ ಮನೆಯಿಂದ ಕಚೇರಿವರೆಗೆ ಕಡಿಯದೆ ಹೋಗಬೇಕು, ನಡುವೆ ಒಂದು ಸರ್ಕಲ್ಲಿನಲ್ಲಿ ಕೈಬಿಟ್ಟರೂ ಅಮ್ಮ ಮಗಳನ್ನು ಸೈಕಲ್ಲಿನಲ್ಲಿ ಕಳಿಸುವುದಿಲ್ಲ ಎಂಬುದು ಅವರ ವಾದ. ಗೆರೆಯ ಬದಲು ಎತ್ತರಿಸಿದ ಹಸಿರು ಪಥ ಹಾಕಿದರು. ಸುಮಾರು 5,000 ಕಾರು ನಿಲ್ಲುವ ಜಾಗ ಹೋಯಿತು. ದಿನದ ಸೈಕಲ್ ಸವಾರಿ ಆರು ಸಾವಿರದ ಆಸುಪಾಸಿನಿಂದ ಎಪ್ಪತ್ತು ಸಾವಿರಕ್ಕೆ ಏರಿತು.

2011ರಲ್ಲಿ ಆಡಳಿತ ಎದುರು ಪಕ್ಷದ ಕೈಗೆ ಹೋಯಿತು. ಪಥ ಹಾಗೇ ಉಳಿಯಿತು. ಅಷ್ಟು ಹೊತ್ತಿಗೆ ಅದರ ಮೇಲೆ ದಿನವೂ ಓಡಾಡುವ ಮತದಾರರಿದ್ದರು.

ಸೈಕಲ್ ದೇಶವೆಂದೇ ಹೆಸರಾದ ನೆದರ್ಲೆಂಡ್ಸಿನದೂ ಹುಟ್ಟುಗುಣವಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಚಳವಳಿ ಎದ್ದದ್ದು ಆಗ. 1975ರಲ್ಲಿ ಹುಟ್ಟಿದ ಸವಾರರ ಸಂಘ ಇವತ್ತಿಗೂ ಊರೂರಿನ ಶಾಖೆಗಳ ಮೂಲಕ ನಗರಸಭೆಗಳೊಂದಿಗೆ ವ್ಯವಹರಿಸುತ್ತದೆ. ಚಳವಳಿಯ ಕಾವು ಆರಿದ ಮೇಲೂ ಸಂಘ ನಿಂತಿತು.

ಮೇಜಿನ ಈ ಕಡೆ, ಆ ಕಡೆ

ಪಾಲಿಕೆಯ ಸಭೆಗೆ ‘ಪರಿಸರ ಉಳಿಸಿ’ ಎಂಬ ಬ್ಯಾನರಿನೊಂದಿಗೆ ಹೋದರೆ ಮಾಲೆ, ಫೋಟೊ, ಬಿಸ್ಕತ್ತು ಸಿಗುತ್ತದೆ. ಕೆಲಸ ಆಗಬೇಕಾದರೆ ಅಳತೆಯ ಮಾತು ಬೇಕು. ಹ್ಯಾಂಡಲ್ಲಿನ ಅಗಲ ಎರಡಡಿ. ತುಳಿಯುವಾಗ ಅತ್ತಿತ್ತ ವಾಲಾಡುವುದು ಸೇರಿದರೆ ಒಬ್ಬ ಸವಾರನಿಗೆ ಒಂದು ಮೀಟರ್, ಇನ್ನೊಬ್ಬ ದಾಟಿ ಹೋಗಬೇಕಾದರೆ ಎರಡು. ಬಸ್ ಸ್ಟಾಪಿನಲ್ಲಿ ಪಥ ತಂಗುದಾಣದ ಹಿಂದಿನಿಂದ ಸುತ್ತಿಹೋಗಬೇಕು. ಫುಟ್‌ಪಾತಿನ ಪಾಲನ್ನು ಕಿತ್ತು ಪಥ ಮಾಡಬಾರದು. ನಡೆಯುವವನ ಹೊಟ್ಟೆ ಹೊಡೆದು ತುಳಿಯುವವನಿಗೆ ಬಡಿಸುವುದು ನ್ಯಾಯವಲ್ಲ. ಇಂಥದ್ದನ್ನೆಲ್ಲ ಹೇಳುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕೈಪಿಡಿಯೇ ಇದೆ. ಸೈಕಲ್ ಪಥದ್ದು 11ನೇ ಸಂಖ್ಯೆಯದು, 2015ರಲ್ಲಿ ಪರಿಷ್ಕೃತವಾದದ್ದು. ಎಂಜಿನಿಯರಿಗೆ ಇದರ ಸಂಖ್ಯೆ ಹೇಳಿದರೆ ಕಡತ ಸ್ವಲ್ಪ ಬೇಗ ಚಲಿಸುತ್ತದೆ.

ಕಾನೂನಿನ ಬಲ ಇನ್ನೂ ಅರೆಬರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ, ಪಾದಚಾರಿಗಳು ಮತ್ತು ಯಂತ್ರವಿಲ್ಲದ ವಾಹನಗಳ ಓಡಾಟದ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ನಡೆಯುವವರ, ಸೈಕಲ್ ತುಳಿಯುವವರ ಹಕ್ಕಿಗೆಂದೇ ಕರ್ನಾಟಕದಲ್ಲಿ ಒಂದು ಮಸೂದೆಯ ಕರಡೂ ಸಿದ್ಧವಾಗಿತ್ತು. ಅದನ್ನು ಕಪಾಟಿನಿಂದ ಹೊರತೆಗೆಯಿರಿ ಎಂದು ಕೇಳುವುದು ಸವಾರರ ಸಂಘಗಳ ಮೊದಲ ಬೇಡಿಕೆಯಾಗಬೇಕು.

ಆದರೆ ಸವಾರರ ಪರವಾಗಿ ಮೇಜಿನ ಮುಂದೆ ಕೂರುವವರು ಯಾರು ಎಂಬ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕು. ಹೆಲ್ಮೆಟ್, ಕೈಗವಸು, ಗೇರ್ ಸೈಕಲ್ಲಿನ ನಮ್ಮಂಥವರು ಇಂಗ್ಲಿಷಿನಲ್ಲಿ ಇ–ಮೇಲ್ ಬರೆಯಬಲ್ಲೆವು. ಆರೂವರೆಗೆ ಗಾರ್ಮೆಂಟ್ಸ್ ಗೇಟು ಮುಟ್ಟುವವನು, ಕ್ಯಾನಿನಲ್ಲಿ ಚಹಾ ಮಾರುವವನು, ರಾತ್ರಿಪಾಳಿ ಮುಗಿಸಿದ ಕಾವಲುಗಾರ ಆ ಸಭೆಗೆ ಬರುವುದಿಲ್ಲ. ಸಭೆ ಇರುವುದು ಹನ್ನೊಂದು ಗಂಟೆಗೆ, ಅದು ಅವರ ದುಡಿಮೆಯ ಹೊತ್ತು. ನಮಗೆ ಪಥವಿಲ್ಲದಿದ್ದರೆ ಕಾರಿದೆ. ಅವರಿಗೆ ಇನ್ನೊಂದು ವಾಹನವಿಲ್ಲ. ಪಾಲಿಕೆಯ ಎಣಿಕೆಯೂ ಕಚೇರಿ ಸಮಯದಲ್ಲಿ ನಡೆದರೆ ಅವರು ಲೆಕ್ಕಕ್ಕೆ ಸಿಗುವುದಿಲ್ಲ. ಬೆಳಿಗ್ಗೆ ಐದರಿಂದ ಏಳು, ರಾತ್ರಿ ಒಂಬತ್ತರ ಮೇಲೆ ನಿಂತು ಎಣಿಸಿದರೆ ಬೇರೆಯೇ ನಗರ ಕಾಣುತ್ತದೆ.

ಬಣ್ಣ ಬಳಿಯಲು ಒಂದು ರಾತ್ರಿ ಸಾಕು, ಕಾಯಲು ವರ್ಷಗಳು ಬೇಕು. ಹೊಸ ಪಾಲಿಕೆಗಳಿಂದ ಸವಾರರು ಕೇಳಬೇಕಾದ್ದು ಇನ್ನೊಂದು ಉದ್ಘಾಟನೆಯನ್ನಲ್ಲ. ಪ್ರತಿ ವಾರ್ಡಿನಲ್ಲಿ ಪಥಕ್ಕೆ ಹೊಣೆಯಾದ ಒಬ್ಬ ಎಂಜಿನಿಯರಿನ ಹೆಸರು, ನಿರ್ವಹಣೆಗೆಂದೇ ತೆಗೆದಿಟ್ಟ ವಾರ್ಷಿಕ ಹಣ, ಅಗೆದವರೇ ಮುಚ್ಚಿ ಗೆರೆ ಬಳಿದುಕೊಡಬೇಕೆಂಬ ಷರತ್ತು. ಈ ಮೂರೂ ದೊಡ್ಡ ಬಂಡವಾಳದ ಕೆಲಸಗಳಲ್ಲ.

ಓದುಗರಲ್ಲೂ ಒಂದು ಕೋರಿಕೆ. ಈ ಪುರವಣಿಯನ್ನು ನಿಮ್ಮ ಮನೆಗೆ ತಂದುಹಾಕಿದ ಹುಡುಗನನ್ನು ನಾಳೆ ಒಂದು ನಿಮಿಷ ನಿಲ್ಲಿಸಿ, ಯಾವ ತಿರುವಿನಲ್ಲಿ ಭಯವಾಗುತ್ತದೆ, ಯಾವ ಜಾಲರಿ ಚಕ್ರ ಹಿಡಿಯುತ್ತದೆ ಎಂದು ಕೇಳಿ. ಅವನು ಹೇಳಿದ್ದನ್ನು ಹಾಗೆಯೇ ಕನ್ನಡದಲ್ಲಿ ಬರೆದು ವಾರ್ಡ್ ಕಚೇರಿಗೆ ಕೊಡಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.