ಪಟ್ಟಿಯೊಂದು, ಪರದೆಗಳು ಹಲವು

ಇಂದು ಅನೇಕ ಮನೆಗಳಲ್ಲಿ ಹಿರಿಯರ ಮುಂದೆ ಟಿವಿ, ಮಕ್ಕಳ ಕೈಯಲ್ಲಿ ಮೊಬೈಲು, ಮೇಜಿನ ಮೇಲೆ ಕಂಪ್ಯೂಟರು ಇರುತ್ತವೆ. ಅಂತರ್ಜಾಲದ ಮೂಲಕ ಬರುವ ವಾಹಿನಿಗಳನ್ನು ಪ್ರತಿಯೊಂದು ಸಾಧನದಲ್ಲಿಯೂ ಹೊಸದಾಗಿ ಹುಡುಕಿ ಜೋಡಿಸುವುದು ತ್ರಾಸದ ಕೆಲಸ. ಇದನ್ನು ನೀಗಬಲ್ಲ ಸರಳ ಸಾಧನವೇ ‘ಎಂ3ಯು’ ಎಂಬ ಪಟ್ಟಿ.

1990ರ ದಶಕದಲ್ಲಿ ಕಂಪ್ಯೂಟರಿನಲ್ಲಿ ಹಾಡುಗಳನ್ನು ಕ್ರಮವಾಗಿ ನುಡಿಸಲೆಂದು ಹುಟ್ಟಿದ ಈ ಪಟ್ಟಿಯು, 1997ರಲ್ಲಿ ಬಂದ ವಿನ್‌ಆಂಪ್ ತಂತ್ರಾಂಶದಿಂದ ಜನಪ್ರಿಯವಾಯಿತು. ಇದರಲ್ಲಿ ಗೂಢವಾದುದೇನೂ ಇಲ್ಲ. ಒಂದು ಸಾಲಿನಲ್ಲಿ ವಾಹಿನಿಯ ಹೆಸರು, ಮರುಸಾಲಿನಲ್ಲಿ ಅದರ ಅಂತರ್ಜಾಲ ವಿಳಾಸ, ಅಷ್ಟೆ. ‘ಎಂ3ಯು8’ ಎಂಬ ರೂಪದಲ್ಲಿ ಯೂನಿಕೋಡ್ ಅಕ್ಷರಗಳಿಗೆ ಎಡೆಯಿರುವುದರಿಂದ ಹೆಸರುಗಳನ್ನು ಕನ್ನಡದಲ್ಲಿಯೇ ಬರೆದಿಡಬಹುದು. ಯಾವುದೇ ಒಂದು ಕಂಪನಿಯ ಬೀಗಕ್ಕೆ ಒಳಪಡದ ಬರಿಯ ಬರಹವಾದುದರಿಂದಲೇ ವಿಎಲ್‌ಸಿ, ಕೋಡಿ ಮುಂತಾದ ಉಚಿತ ತಂತ್ರಾಂಶಗಳು ಇದನ್ನು ಬೇರೆ ಬೇರೆ ಸಾಧನಗಳಲ್ಲಿ ಓದಬಲ್ಲವು.

2009ರಲ್ಲಿ ಆ್ಯಪಲ್ ಕಂಪನಿಯು ‘ಎಚ್‌ಎಲ್‌ಎಸ್’ ಪದ್ಧತಿಯನ್ನು ರೂಪಿಸಿದಾಗ ಇದೇ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಂಡಿತು. ಅದರಲ್ಲಿ ಕಾರ್ಯಕ್ರಮವನ್ನು ಕೆಲವೇ ಸೆಕೆಂಡುಗಳ ತುಣುಕುಗಳನ್ನಾಗಿ ಮಾಡಿ, ಅವುಗಳ ವಿಳಾಸಗಳನ್ನು ಪಟ್ಟಿಯಲ್ಲಿ ಬರೆಯಲಾಗುತ್ತದೆ. ನೇರ ಪ್ರಸಾರವಾದರೆ ಪಟ್ಟಿಯು ಮತ್ತೆ ಮತ್ತೆ ನವೀಕರಣಗೊಳ್ಳುತ್ತದೆ. ಒಂದೇ ಕಾರ್ಯಕ್ರಮದ ಹಲವು ಗುಣಮಟ್ಟಗಳನ್ನೂ ಪಟ್ಟಿಯಲ್ಲಿ ಸೂಚಿಸಬಹುದಾದುದರಿಂದ, ಸಂಪರ್ಕ ಮಂದವಾದಾಗ ಸಾಧನವು ತಾನಾಗಿಯೇ ಹಗುರವಾದ ತುಣುಕುಗಳನ್ನು ಆರಿಸಿಕೊಳ್ಳುತ್ತದೆ. ಈ ಪದ್ಧತಿಯ ವಿವರಗಳು 2017ರಲ್ಲಿ ‘ಆರ್‌ಎಫ್‌ಸಿ 8216’ ಎಂಬ ದಾಖಲೆಯಾಗಿ ಎಲ್ಲರಿಗೂ ತೆರೆದಂತೆ ಪ್ರಕಟವಾದವು.

ಆದರೆ ಪಟ್ಟಿ ಮುಕ್ತವೆಂದ ಮಾತ್ರಕ್ಕೆ ಅದರೊಳಗಿನ ಕಾರ್ಯಕ್ರಮವೆಲ್ಲ ಮುಕ್ತವೆಂದು ಭಾವಿಸಲಾಗದು. ವಿಳಾಸ ಗೊತ್ತಿದ್ದರೆ ಮನೆಯೊಳಗೆ ಹೋಗುವ ಹಕ್ಕು ಬಂದಂತಾಯಿತೆ? ಅಲ್ಪ ಹಣಕ್ಕೆ ಸಾವಿರಾರು ವಾಹಿನಿಗಳ ಪಟ್ಟಿ ಕೊಡುತ್ತೇವೆನ್ನುವವರಲ್ಲಿ ಅನೇಕರಿಗೆ ಪ್ರಸಾರಕರ ಅನುಮತಿಯೇ ಇರುವುದಿಲ್ಲ. ಅಂಥ ವಿಳಾಸಗಳು ಇಂದು ತೆರೆದು ನಾಳೆ ಮುಚ್ಚಿಹೋಗುವುದುಂಟು. ಕೊಟ್ಟ ಹಣ ಮರಳುವ ಭರವಸೆಯಿಲ್ಲ. ಇನ್ನು, ನಾವು ನ್ಯಾಯವಾಗಿ ಚಂದಾ ಕಟ್ಟಿ ಪಡೆದ ಪಟ್ಟಿಯ ವಿಳಾಸಗಳಲ್ಲಿಯೇ ಕೆಲವೊಮ್ಮೆ ನಮ್ಮ ಖಾತೆಯ ಗುಪ್ತಪದ ಅಡಗಿರುತ್ತದೆ. ಅದನ್ನು ನೆರೆಯವರಿಗೆ ಕಳುಹಿಸುವುದೆಂದರೆ ಮನೆಯ ಬೀಗದ ಕೈಯನ್ನೇ ಕೊಟ್ಟಂತೆ.

ಆದುದರಿಂದ ಪ್ರಸಾರಕರು ತಾವೇ ಉಚಿತವಾಗಿ ನೀಡಿರುವ ವಿಳಾಸಗಳನ್ನು ಮಾತ್ರ ಕೂಡಿಸಿ, ಮನೆಮಂದಿಗೆ ಬೇಕಾದ ಹತ್ತಾರು ವಾಹಿನಿಗಳ ಸ್ವಂತ ಪಟ್ಟಿಯನ್ನು ಮಾಡಿಕೊಳ್ಳೋಣ. ಅದರ ಪ್ರತಿಯೊಂದು ನಮ್ಮಲ್ಲಿದ್ದರೆ ಟಿವಿ ಹಳತಾಗಿ ಹೊಸದು ಬಂದರೂ ಮೊದಲಿನಿಂದ ಹುಡುಕುವ ಶ್ರಮವಿರದು. ಏನನ್ನು ನೋಡಬೇಕೆಂಬ ಆಯ್ಕೆ ಮಾರುವವರ ಕೈಯಲ್ಲಿರದೆ ಮನೆಯವರ ಕೈಯಲ್ಲಿಯೇ ಉಳಿಯುವುದು ಇದರ ನಿಜವಾದ ಲಾಭ.